ದೇವದಾಸಿ ಕಾನೂನಿನ ನೂರು ವರ್ಷ: ಲೆಕ್ಕಕ್ಕೆ ಸಿಗದ ಗಂಡಸು

ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ 1982ರದು. ಅದರ ಐದನೆಯ ಕಲಮು ಶಿಕ್ಷೆಯನ್ನು ಹೇಳುತ್ತದೆ. ಹೆಣ್ಣುಮಗಳನ್ನು ದೇವರಿಗೆ ಬಿಡುವ ವಿಧಿಯನ್ನು ನಡೆಸಿದವರಿಗೆ, ಅದರಲ್ಲಿ ಪಾಲ್ಗೊಂಡವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ. ಹಾಗೆ ಮಾಡಿದವರು ತಂದೆ, ತಾಯಿ, ಪೋಷಕರು ಅಥವಾ ಬಂಧುಗಳಾಗಿದ್ದರೆ ಶಿಕ್ಷೆ ಹೆಚ್ಚು: ಎರಡರಿಂದ ಐದು ವರ್ಷ ಸೆರೆ, ಎರಡರಿಂದ ಐದು ಸಾವಿರ ದಂಡ. ಅಂದರೆ ಮುತ್ತು ಕಟ್ಟಿದ (ದೇವರಿಗೆ ಬಿಟ್ಟ ಗುರುತಿನ ಮಣಿಸರವನ್ನು ಕೊರಳಿಗೆ ಹಾಕಿದ) ಪೂಜಾರಿಗಿಂತ ಮಗಳನ್ನು ಕರೆತಂದ ತಾಯಿಯ ಅಪರಾಧ ದೊಡ್ಡದು. ಆ ಹುಡುಗಿ ಮೈನೆರೆದ ಮೇಲೆ ಹಣ, ಸೀರೆ, ಕಾಳುಕಡ್ಡಿ ಕೊಟ್ಟು ಅವಳನ್ನು ತನ್ನವಳಾಗಿ ಇಟ್ಟುಕೊಳ್ಳುವ ಊರಿನ ಗಂಡಸನ್ನು ಈ ಕಲಮು ಹೆಸರಿಸುವುದೇ ಇಲ್ಲ. ಕುಮ್ಮಕ್ಕು ಕೊಟ್ಟವನೆಂದು ವಾದ ಮಾಡಿ ಅವನನ್ನು ಕಟಕಟೆಗೆ ಎಳೆತರಬಹುದೇನೋ. ಆದರೆ ಹಾಗೆ ವಾದಿಸಬೇಕಾದ ಪರಿಸ್ಥಿತಿಯೇ ಕಾನೂನು ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ಎಂಬುದನ್ನು ತೋರಿಸುತ್ತದೆ.

ಇದು 1982ರ ಶಾಸಕರದಷ್ಟೇ ತಪ್ಪಲ್ಲ. ಅವರ ಕೈಗೆ ಬಂದಿದ್ದ ಹಳೆಯ ಕಾನೂನುಗಳೆಲ್ಲ ಹಾಗೆಯೇ ಇದ್ದವು.

ಮೈಸೂರು ಸಂಸ್ಥಾನ ಈ ವಿಷಯಕ್ಕೆ ಮೊದಲು ಕೈಹಾಕಿದ ಆಡಳಿತಗಳಲ್ಲಿ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1909ರಲ್ಲಿ, ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಸರ್ಕಾರ ನಿಲ್ಲಿಸಿತು. ಗುಡಿಯ ಪಾವಿತ್ರ್ಯಕ್ಕೆ ಕುಂದು ಬರುತ್ತದೆ ಎಂಬುದು ಆಗಿನ ಚಿಂತೆ. ಸೇವೆ ನಿಂತಿತು, ಅದರೊಂದಿಗೆ ಅನ್ನವೂ ನಿಂತಿತು. ದೇವಾಲಯದ ತಸ್ತೀಕನ್ನು, ಅಂದರೆ ಸರ್ಕಾರ ಕೊಡುವ ವರ್ಷದ ಹಣವನ್ನು, ನಂಬಿದ್ದ ಹೆಂಗಸರು ಮುಂದೆ ಹೇಗೆ ಬದುಕಬೇಕು ಎಂಬುದು ಮುಖ್ಯ ಪ್ರಶ್ನೆಯಾಗಲಿಲ್ಲ.

ಆ ಪ್ರಶ್ನೆಯನ್ನು ಶಾಸನಸಭೆಯೊಳಗೆ ಎತ್ತಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಸ್ವತಃ ದೇವದಾಸಿ ಮನೆತನದ ತಾಯಿಯ ಮಗಳು, ವೈದ್ಯೆ, ಮದ್ರಾಸ್ ಶಾಸನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆ. 1927ರಲ್ಲಿ ಅವರು ಮಂಡಿಸಿದ ನಿರ್ಣಯದ ಹಿಂದೆಯೇ, 1929ರಲ್ಲಿ, ಧಾರ್ಮಿಕ ದತ್ತಿ ಕಾನೂನಿಗೆ ತಿದ್ದುಪಡಿ ಬಂತು. ದೇವದಾಸಿಯರು ಉಂಬಳಿಯಾಗಿ ಉಳುತ್ತಿದ್ದ ಜಮೀನನ್ನು ದೇವಸ್ಥಾನದ ಸೇವೆಯಿಂದ ಬಿಡಿಸಿ ಅವರಿಗೇ ಉಳಿಸುವ ತಿದ್ದುಪಡಿ ಅದು. ಇಡೀ ನೂರು ವರ್ಷದ ಈ ಕಥೆಯಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯ ಹೆಜ್ಜೆಯಾಗಿ ಕಾಣುವುದು ಇದೇ. ಬಂಧನದಿಂದ ಬಿಡಿಸುವುದೂ ಕಾಲಕೆಳಗೆ ನೆಲ ಕೊಡುವುದೂ ಒಂದೇ ಕಾನೂನಿನಲ್ಲಿ ನಡೆದವು. ಆದರೆ ಮಕ್ಕಳಿಗೆ ಮುತ್ತು ಕಟ್ಟುವುದನ್ನೇ ತಡೆಯುವ ಅವರ ಮಸೂದೆಗೆ ಸಂಪ್ರದಾಯದ ಹೆಸರಿನಲ್ಲಿ, ಕಲೆಯ ಹೆಸರಿನಲ್ಲಿ ಅಡ್ಡಿ ಬಂತು. ಎಸ್. ಸತ್ಯಮೂರ್ತಿಯಂತಹ ಕಾಂಗ್ರೆಸ್ ಮುಖಂಡರೇ ವಿರೋಧಿಸಿದರು. ಮದ್ರಾಸ್ ಕಾಯ್ದೆ ಬಂದದ್ದು 1947ರಲ್ಲಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಬಸವಿಯರಿಗೂ (ದೇವರಿಗೆ ಬಿಟ್ಟ ಹೆಣ್ಣುಮಕ್ಕಳಿಗೆ ಆ ಭಾಗದ ಹೆಸರು) ಈ ಕಾನೂನೇ ಅನ್ವಯಿಸುತ್ತಿತ್ತು. ಬೆಳಗಾವಿ, ಧಾರವಾಡ, ವಿಜಾಪುರಗಳು ಸೇರಿದ್ದ ಬಾಂಬೆ ಪ್ರಾಂತ್ಯದಲ್ಲಿ 1934ರಲ್ಲಿಯೇ ದೇವದಾಸಿ ರಕ್ಷಣಾ ಕಾಯ್ದೆ ಬಂದಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡ ಅದರ ವ್ಯಾಪ್ತಿಯಲ್ಲೇ ಇತ್ತು. ಗುಡ್ಡದಲ್ಲಿ ಮುತ್ತು ಕಟ್ಟುವುದು ಮುಂದೆ ಐವತ್ತು ವರ್ಷವೂ ನಡೆಯಿತು.

ಸಂವಿಧಾನ ಸಭೆಯಲ್ಲೂ ಈ ಮಾತು ಬಂದಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಇಂದಿನ 23ನೆಯ ವಿಧಿ ಮನುಷ್ಯರ ಮಾರಾಟ ಮತ್ತು ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. 1948ರ ಡಿಸೆಂಬರ್‌ನಲ್ಲಿ ಆ ವಿಧಿಯ ಚರ್ಚೆ ನಡೆದಾಗ, ಧರ್ಮದ ಹೆಸರಿನಲ್ಲಿ ದೇವದಾಸಿಯಾಗಿ ಅರ್ಪಿಸುವುದನ್ನೂ ಅದರಲ್ಲಿ ಹೆಸರಿಟ್ಟು ಸೇರಿಸಬೇಕೆಂದು ಪ್ರೊ. ಕೆ.ಟಿ. ಶಾ ತಿದ್ದುಪಡಿ ತಂದರು. ಮದ್ರಾಸಿನಲ್ಲಿ ಈಗಾಗಲೇ ಕಾನೂನು ಆಗಿದೆ, ಸಂವಿಧಾನದಲ್ಲಿ ಬರೆಯುವ ಅಗತ್ಯವಿಲ್ಲ ಎಂಬ ಧಾಟಿಯಲ್ಲಿ ಟಿ.ಟಿ. ಕೃಷ್ಣಮಾಚಾರಿ ಮಾತನಾಡಿದರು. ತಿದ್ದುಪಡಿ ಬಿದ್ದುಹೋಯಿತು. ಕಾನೂನು ಆದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಎಷ್ಟು ಹಳೆಯದು!

ಅಷ್ಟರಲ್ಲಿ ಪದ್ಧತಿಯ ಸ್ವರೂಪವೇ ಬದಲಾಗಿತ್ತು. ಗುಡಿಯಲ್ಲಿ ಹಾಡಿ ಕುಣಿಯುವ, ಇನಾಮು ಜಮೀನು ಇದ್ದ ದೇವದಾಸಿಯರ ಕಾಲ ಮುಗಿದಿತ್ತು. ಉತ್ತರ ಕರ್ನಾಟಕದಲ್ಲಿ ಉಳಿದದ್ದು ಬಹುಪಾಲು ಹೊಲೆಯ, ಮಾದಿಗ ಕೇರಿಗಳ ಬಡ ಹೆಣ್ಣುಮಕ್ಕಳು. ಗಂಡುಮಗು ಇಲ್ಲದ ಮನೆ, ಮುಪ್ಪಿನಲ್ಲಿ ನೋಡಿಕೊಳ್ಳಲು ಒಬ್ಬ ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳುವ ಆಸೆ, ವಾಸಿಯಾಗದ ರೋಗಕ್ಕೆ ಹೊತ್ತ ಹರಕೆ, ಕೂದಲು ಗಂಟುಗಟ್ಟಿ ಜಡೆಯಾದರೆ ಅದು ಎಲ್ಲಮ್ಮನ ಕರೆ ಎಂಬ ಭಯ. ಎಣ್ಣೆ, ಬಾಚಣಿಗೆ ಕಾಣದ ತಲೆಯಲ್ಲಿ ಜಡೆ ಹುಟ್ಟುವುದು ಸಹಜ. ಆ ಜಡೆಯೇ ಹುಡುಗಿಯ ಜೀವಮಾನದ ತೀರ್ಪಾಗುತ್ತಿತ್ತು. ಕೆಂಪು ಬಿಳಿ ಮಣಿಗಳ ಸರ ಕೊರಳಿಗೆ ಬಿದ್ದ ಮೇಲೆ ಅವಳಿಗೆ ಮದುವೆಯಿಲ್ಲ. ಕೆಲವರು ಪಡ್ಡಲಿಗೆ, ಅಂದರೆ ದೇವಿಯ ಬುಟ್ಟಿ, ಹೊತ್ತು ಅವಳ ಹೆಸರಿನಲ್ಲಿ ಜೋಗ ಬೇಡಿದರು. ಕೆಲವರು ಊರಿನ ಒಬ್ಬನ ಆಶ್ರಯದಲ್ಲಿ ಬದುಕಿದರು. ಇನ್ನು ಕೆಲವರನ್ನು ದಲ್ಲಾಳಿಗಳು ಬಸ್ಸು, ರೈಲು ಹತ್ತಿಸಿ ಸಾಂಗಲಿ, ಪುಣೆಯ ಬುಧವಾರ ಪೇಟೆ, ಮುಂಬಯಿಯ ಕಾಮಾಟಿಪುರದ ವೇಶ್ಯಾಗೃಹಗಳಿಗೆ ಸಾಗಿಸಿದರು. ಮೊದಲು ಹೋದವಳು ಅಲ್ಲಿ ಘರವಾಲಿಯಾಗಿ, ಅಂದರೆ ಅಂತಹ ಮನೆಯ ಒಡತಿಯಾಗಿ, ಊರಿಗೆ ಜಾತ್ರೆಗೆಂದು ಬಂದು ಇನ್ನೊಬ್ಬಳನ್ನು ಕರೆದುಕೊಂಡು ಹೋಗುತ್ತಿದ್ದಳು. ಮುತ್ತು ಕಟ್ಟಿದ ಹುಡುಗಿಯನ್ನು ಸಾಗಿಸುವುದು ದಲ್ಲಾಳಿಗೆ ಸುಲಭ. ಅವಳನ್ನು ಹುಡುಕಿಕೊಂಡು ಬರುವ ಗಂಡನಿಲ್ಲ, ದೂರು ಕೊಡುವ ಅತ್ತೆ ಮಾವ ಇಲ್ಲ. ಮನೆಯವರಿಗೆ ತಿಂಗಳು ತಿಂಗಳು ಮನಿಯಾರ್ಡರ್ ಬಂದರೆ ಬಾಯಿಯೂ ಕಟ್ಟುತ್ತದೆ.

ಮಾನವ ಕಳ್ಳಸಾಗಣೆ ಎಂದರೆ ಇದೇ. ಆದರೆ ಅದನ್ನು ತಡೆಯುವ ಕೇಂದ್ರದ ಕಾನೂನು, 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ನಗರದ ವೇಶ್ಯಾಗೃಹವನ್ನು ನೋಡಿತು. ರಾಜ್ಯದ ಕಾನೂನು ಹಳ್ಳಿಯ ಗುಡಿಯನ್ನು ನೋಡಿತು. ನಡುವಿನ ದಾರಿಯನ್ನು, ಅಂದರೆ ಹುಡುಗಿ ಕೇರಿಯಿಂದ ನಗರದವರೆಗೆ ತಲುಪುವ ಆ ಸರಪಳಿಯನ್ನು, ಎರಡೂ ಒಟ್ಟಿಗೆ ಹಿಡಿಯಲಿಲ್ಲ. ಮುಂಬಯಿಯಲ್ಲಿ ದಾಳಿ ನಡೆದರೆ ಹುಡುಗಿ ಸಿಕ್ಕಿಬೀಳುತ್ತಿದ್ದಳು. ಗುಡ್ಡದಲ್ಲಿ ದಾಳಿ ನಡೆದರೆ ಅವಳ ತಾಯಿ ಸಿಕ್ಕಿಬೀಳುತ್ತಿದ್ದಳು.

1982ರ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದು 1984ರ ಒಂದನೆಯ ಕಾಯ್ದೆಯಾಗಿ ಅದು ಪುಸ್ತಕ ಸೇರಿತು. ಅದರಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮದುವೆಯಾದರೆ ಆ ಮದುವೆ ಊರ್ಜಿತ, ಅದರಿಂದ ಹುಟ್ಟಿದ ಮಕ್ಕಳು ಸಕ್ರಮ ಎಂದು ಅದು ಸಾರಿತು. ಗುಡ್ಡದಲ್ಲಿ ಬಹಿರಂಗವಾಗಿ ನಡೆಯುತ್ತಿದ್ದ ಸಮರ್ಪಣೆ ಪೊಲೀಸರ ಕಾವಲಿಗೆ ಹೆದರಿ ಕಡಿಮೆಯಾಯಿತು. ಕಡಿಮೆಯಾದದ್ದು ಗುಡ್ಡದಲ್ಲಿ ಮಾತ್ರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜನಸಾಗರದ ನಡುವೆ ಆಗುತ್ತಿದ್ದದ್ದು ಸಣ್ಣ ಊರಿನ ಸಣ್ಣ ಗುಡಿಗೆ, ಮನೆಯ ಹಿತ್ತಿಲಿಗೆ, ನಡುರಾತ್ರಿಗೆ ಸರಿಯಿತು. ಮಣಿಸರವನ್ನೂ ಹಾಕದೆ ಬಾಯಿಮಾತಿನಲ್ಲೇ ದೇವರಿಗೆ ಬಿಟ್ಟೆವು ಎಂದರೆ ಯಾವ ಪೊಲೀಸನಿಗೆ ಸಾಕ್ಷಿ ಸಿಗುತ್ತದೆ? ಸಿಕ್ಕರೂ ಸಾಕ್ಷಿ ಹೇಳಬೇಕಾದವಳು ಆ ಹುಡುಗಿ, ಅದೂ ಹೆತ್ತ ತಾಯಿಯ ವಿರುದ್ಧ. ಕಾಯ್ದೆಯಡಿ ಶಿಕ್ಷೆಯಾದ ಪ್ರಕರಣಗಳು ಬೆರಳೆಣಿಕೆಯಲ್ಲೇ ಉಳಿದದ್ದಕ್ಕೆ ಪೊಲೀಸರ ಅಸಡ್ಡೆಯೊಂದೇ ಕಾರಣವಲ್ಲ. ತಾಯಿಯನ್ನು ಮೊದಲ ಆರೋಪಿ ಮಾಡುವ ಕಾನೂನಿಗೆ ಮಗಳು ಸಾಕ್ಷಿಯಾಗುವುದಿಲ್ಲ.

1990ರಲ್ಲಿ ವಿಶಾಲ್ ಜೀತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇವದಾಸಿ, ಜೋಗಿಣಿ ಪದ್ಧತಿಗಳನ್ನು ಲೈಂಗಿಕ ಶೋಷಣೆಯ ಸಾಗಣೆಯೊಂದಿಗೆ ಸೇರಿಸಿ ನೋಡಿತು, ಸಲಹಾ ಸಮಿತಿಗಳನ್ನು ರಚಿಸುವಂತೆ ರಾಜ್ಯಗಳಿಗೆ ಹೇಳಿತು. 2014ರ ಫೆಬ್ರುವರಿಯಲ್ಲಿ ಮತ್ತೆ ಕರ್ನಾಟಕದ ಮುಖ್ಯ ಕಾರ್ಯದರ್ಶಿಗೆ ಸೂಚನೆ ಕೊಡಬೇಕಾಯಿತು. ದಾವಣಗೆರೆ ಜಿಲ್ಲೆಯ ದೇವಾಲಯವೊಂದರಲ್ಲಿ ಮರುದಿನ ಭಾರತ ಹುಣ್ಣಿಮೆಯ ರಾತ್ರಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟದಂತೆ ತಡೆಯಿರಿ ಎಂದು. ಕಾಯ್ದೆ ಅಂಗೀಕಾರವಾಗಿ ಮೂವತ್ತು ವರ್ಷ ದಾಟಿದ ಮೇಲೆ ಒಂದು ರಾತ್ರಿಯ ಕಾವಲಿಗೆ ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು.

ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಹೆಂಗಸರೇ. 1991ರಿಂದ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆ ನಡೆಯಿತು. ಅದರ ಜೊತೆಗೇ ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರು ಸಂಘ ಕಟ್ಟಿಕೊಂಡರು. ಘಟಪ್ರಭಾದಲ್ಲಿ ಬೇರುಬಿಟ್ಟ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅವರದೇ ಆಡಳಿತದಲ್ಲಿ ಬೆಳೆಯಿತು. ತಾನು ಅನುಭವಿಸಿದ್ದನ್ನು ಹೇಳಿ ಒಲೆಯ ಮುಂದೆ ಕುಳಿತು ಬುದ್ಧಿಹೇಳುವ ಹೆಂಗಸಿನ ಮಾತು ತಾಯಂದಿರಿಗೆ ನಾಟಿದಷ್ಟು ಯಾವ ಜಾಗೃತಿ ಫಲಕವೂ ನಾಟಲಿಲ್ಲ. ಜಡೆಗೆ ಶಾಂಪೂ ಹಾಕಿ ಬಿಡಿಸಿ, ಉಳಿದದ್ದನ್ನು ಕತ್ತರಿಸಿ, ದೇವಿ ಮುನಿಯಲಿಲ್ಲ ನೋಡು ಎಂದು ತೋರಿಸುವುದು ಸಣ್ಣ ಕೆಲಸವಲ್ಲ.

ಸರ್ಕಾರದ ಎರಡು ಸಮೀಕ್ಷೆಗಳು 1993-94ರಲ್ಲಿ 22,873, 2007-08ರಲ್ಲಿ 23,787 ಮಂದಿಯನ್ನು ಗುರುತಿಸಿದವು. ಒಟ್ಟು 46,660. ಮಾಸಾಶನ, ಮನೆ, ಸಾಲ ಎಲ್ಲವೂ ಈ ಪಟ್ಟಿಗೆ ಕಟ್ಟುಬಿದ್ದವು. ಆ ದಿನ ಊರಲ್ಲಿ ಇಲ್ಲದವಳು, ದುಡಿಯಲು ಮಹಾರಾಷ್ಟ್ರಕ್ಕೆ ಹೋದವಳು, ಅವಮಾನಕ್ಕೆ ಅಂಜಿ ಹೆಸರು ಹೇಳದವಳು ಪಟ್ಟಿಯ ಹೊರಗೇ ಉಳಿದರು. ಸಾಗಣೆಗೆ ಸಿಕ್ಕು ದೂರ ಹೋದವರೇ ಹೀಗೆ ಹೊರಗುಳಿಯುವ ಸಾಧ್ಯತೆ ಹೆಚ್ಚು ಎಂಬುದು ಈ ಪಟ್ಟಿಯ ಅತಿ ದೊಡ್ಡ ಕೊರತೆ.

ಇನ್ನು ಮಕ್ಕಳ ಮಾತು. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಮಗುವಿನ ಹೆಸರಿನ ಕೆಳಗೇ ತಂದೆಯ ಹೆಸರಿನ ಸಾಲು ಇರುತ್ತದೆ. ಖಾಲಿ ಬಿಟ್ಟರೆ ಗುಮಾಸ್ತರು ತಲೆಯೆತ್ತಿ ನೋಡುತ್ತಾರೆ. ಕೆಲವರು ಅಜ್ಜನ ಹೆಸರು, ಸೋದರಮಾವನ ಹೆಸರು ಬರೆಸಿದರು, ಕೆಲವರು ಎಲ್ಲಮ್ಮನ ಹೆಸರನ್ನೇ ಬರೆಸಿದರು. ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮದುವೆ ಮಾತುಕತೆ, ಎಲ್ಲ ಕಡೆಯೂ ಅದೇ ಸಾಲು ಎದುರಾಗುತ್ತದೆ. ಆ ತಂದೆ ಯಾರೆಂದು ಊರಿಗೆಲ್ಲ ಗೊತ್ತು. ಅವನ ಹೊಲದ ಪಹಣಿಯಲ್ಲಿ ಈ ಮಗುವಿಗೆ ಜಾಗವಿಲ್ಲ, ಅಷ್ಟೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸಾಮಾಜಿಕ ಬಹಿಷ್ಕಾರ ಅಧ್ಯಯನ ಕೇಂದ್ರ 2018ರಲ್ಲಿ ಹೊಸ ಮಸೂದೆಯ ಕರಡನ್ನು ಸಿದ್ಧಪಡಿಸಿತು. ದೇವದಾಸಿ ತಾಯಂದಿರೂ ಅವರ ಮಕ್ಕಳೂ ಬೀದಿಗಿಳಿದು ವರ್ಷಗಟ್ಟಲೆ ಒತ್ತಾಯಿಸಿದರು. ಕೊನೆಗೆ 2025ರ ಆಗಸ್ಟ್‌ನ ಅಧಿವೇಶನದಲ್ಲಿ ದೇವದಾಸಿ (ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ವಿಧೇಯಕಕ್ಕೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ದಾಖಲೆಗಳಲ್ಲಿ ತಂದೆಯ ಹೆಸರನ್ನು ಕೇಳಿ ಮಕ್ಕಳನ್ನು ಸತಾಯಿಸುವಂತಿಲ್ಲ. ತಂದೆಯನ್ನು ಗುರುತಿಸಿಕೊಡಿ ಎಂದು ಕೇಳುವ ಹಕ್ಕು ಮಕ್ಕಳಿಗಿದೆ, ಆಸ್ತಿಯಲ್ಲಿ ಪಾಲು ಕೇಳುವ ಹಕ್ಕೂ ಇದೆ. ನೂರು ವರ್ಷ ಗುಡಿಯನ್ನೂ ತಾಯಿಯನ್ನೂ ದಿಟ್ಟಿಸಿದ ಕಾನೂನು ಮೊದಲ ಬಾರಿಗೆ ಗಂಡಸಿನ ಕಡೆ ಮುಖ ತಿರುಗಿಸಿದೆ. ಶಿಕ್ಷೆಯ ವರ್ಷಗಳನ್ನು ಹೆಚ್ಚಿಸುವುದಕ್ಕಿಂತ ಇದು ಸಾವಿರ ಪಾಲು ಮುಖ್ಯ ಎಂದು ನಾನು ನಂಬುತ್ತೇನೆ. ಪುಕ್ಕಟೆಯಾಗಿ ಸಿಗುತ್ತಿದ್ದದ್ದಕ್ಕೆ ಹೊಲದ ಪಾಲು ತೆರಬೇಕಾಗುತ್ತದೆ ಎಂದು ಗೊತ್ತಾದರೆ ಕೈಚಾಚುವವನು ಯೋಚಿಸುತ್ತಾನೆ.

ಕಷ್ಟ ಇರುವುದು ಅರ್ಜಿ ಹಾಕುವ ಗಳಿಗೆಯಲ್ಲಿ. ತಂದೆ ಅನ್ನಿಸಿಕೊಳ್ಳಬೇಕಾದವನು ಬಹಳಷ್ಟು ಕಡೆ ಅದೇ ಊರಿನ ಜಮೀನುದಾರ. ಅರ್ಜಿದಾರಳು ಅವನ ಹೊಲದಲ್ಲೋ ಅವನ ದಾಯಾದಿಯ ಹೊಲದಲ್ಲೋ ಕಳೆ ಕೀಳುವವಳು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟ ಸುದ್ದಿ ಅವಳು ಬಸ್ಸಿಳಿಯುವ ಮೊದಲೇ ಊರು ಮುಟ್ಟುತ್ತದೆ. ಆದ್ದರಿಂದ ಅರ್ಜಿಯನ್ನು ಊರಿಂದ ದೂರದ ಜಿಲ್ಲಾ ಕೇಂದ್ರದಲ್ಲೂ ಕೊಡುವಂತಿರಬೇಕು, ಹೆಸರು ಗುಟ್ಟಾಗಿರಬೇಕು, ಜೊತೆಗೆ ವಕೀಲರು ಇರಬೇಕು. ವಕೀಲರಿಗಾಗಿ ಹೊಸ ಕಾನೂನನ್ನೇನೂ ಮಾಡಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೆಂಗಸರಿಗೆ, ಪರಿಶಿಷ್ಟ ಜಾತಿಯವರಿಗೆ, ಸಂವಿಧಾನದ 23ನೆಯ ವಿಧಿ ಹೇಳುವ ಸಾಗಣೆಗೆ ಬಲಿಯಾದವರಿಗೆ ಉಚಿತ ನೆರವು ಕೊಡಬೇಕೆಂದು ಆಗಲೇ ಹೇಳಿದೆ. ಮೂರೂ ಕಾರಣಕ್ಕೆ ಅರ್ಹಳಾದವಳು ಈ ಅರ್ಜಿದಾರಳು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿಗಳ ಜಿಲ್ಲಾ ಪ್ರಾಧಿಕಾರಗಳು ಮಾಜಿ ದೇವದಾಸಿಯರ ಸಂಘಗಳ ಜೊತೆ ಕುಳಿತು, ಯಾವ ಊರಿಗೆ ಯಾವ ವಕೀಲರು ಎಂಬ ಪಟ್ಟಿಯನ್ನು ಮೊದಲ ಅರ್ಜಿ ಬರುವ ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಬೇಕು.