ವಿಮಾನದ ಎಂಜಿನ್ ಸ್ಟಾರ್ಟ್ ಮಾಡೋಕೆ ಪೈಲಟ್ ಬೇಡ್ವಾ?

ಪ್ರಶ್ನೆ: ನಮ್ಮ ಹುಡುಗ ಯಲಹಂಕ ಹತ್ತಿರ ವಿಮಾನ ರಿಪೇರಿ ಕೋರ್ಸ್ ಓದುತ್ತಿದ್ದಾನೆ. ಮುಂದೆ ತಾನೇ ಕಾಕ್‌ಪಿಟ್‌ನಲ್ಲಿ ಕೂತು ಎಂಜಿನ್ ಓಡಿಸಬಹುದು ಅನ್ನುತ್ತಾನೆ. ಪೈಲಟ್ ಇಲ್ಲದೆ ಆಗುತ್ತಾ? ಅದಕ್ಕೆ ಏನು ಕಲಿಸುತ್ತಾರೆ?

ಹುಡುಗ ಹೇಳಿದ್ದು ನಿಜ. ಬಿಎಂಟಿಸಿ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್, ಸ್ಟಾರ್ಟ್ ಮಾಡಿ ನೋಡೋಕೆ ಡ್ರೈವರ್ ಬರಲಿ ಅಂತ ಕಾಯ್ತಾನಾ? ಇಲ್ಲೂ ಹಾಗೇ. ಪಂಪ್ ಬದಲಾಯಿಸಿದ ಮೇಲೆ ಎಣ್ಣೆ ಸೋರುತ್ತಿದೆಯಾ ಅಂತ ಎಂಜಿನ್ ಓಡಿಸಿಯೇ ನೋಡಬೇಕು. ಇದಕ್ಕೆ ರನ್-ಅಪ್ ಅನ್ನುತ್ತೇವೆ. ಆದರೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್, ಲೈಸೆನ್ಸ್ ಒಂದೇ ಸಾಲದು. ತರಗತಿ, ಸಿಮ್ಯುಲೇಟರ್, ಆಮೇಲೆ ಹಿರಿಯರ ಪಕ್ಕದಲ್ಲಿ ಕೂತು ನಿಜವಾದ ವಿಮಾನ. ಇಷ್ಟಾದ ಮೇಲೆ ಕಂಪನಿ ಪ್ರತ್ಯೇಕ ಅನುಮತಿ ಕೊಡಬೇಕು.

ಬಸ್ಸಿನ ಹೋಲಿಕೆ ಮಾತ್ರ ಇಲ್ಲಿಗೇ ಮುಗೀತು. ಬಸ್ಸಿಗೆ ನ್ಯೂಟ್ರಲ್ ಇದೆ, ಜೆಟ್ ಎಂಜಿನ್‌ಗೆ ಇಲ್ಲ. ಹೊತ್ತಿಕೊಂಡ ಕ್ಷಣದಿಂದ ಅದು ವಿಮಾನವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ತಡೆಯೋದು ಬ್ರೇಕು, ಚಕ್ರಕ್ಕೆ ಅಡ್ಡ ಇಟ್ಟ ಚಾಕ್ ಅನ್ನೋ ದಿಮ್ಮಿ ಅಷ್ಟೇ. 2007ರ ನವೆಂಬರ್ 15ರಂದು ಫ್ರಾನ್ಸಿನ ತುಲೂಸ್‌ನಲ್ಲಿ ಹೊಸ ಏರ್‌ಬಸ್ ಎ340-600 ಒಂದರ ನಾಲ್ಕೂ ಎಂಜಿನ್‌ಗಳನ್ನು ಜೋರಾಗಿ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ಚಾಕ್ ಇಟ್ಟಿರಲಿಲ್ಲ. ವಿಮಾನ ಕದಲಿತು, ಗೋಡೆ ಹತ್ತಿ ಮುರಿಯಿತು. ಕದಲಿದ್ದಕ್ಕೂ ಗುದ್ದಿದ್ದಕ್ಕೂ ಮಧ್ಯೆ ಇದ್ದದ್ದು ಸುಮಾರು 13 ಸೆಕೆಂಡ್. ಅಷ್ಟು ಹೊತ್ತೂ ಗಮನವೆಲ್ಲ ಬ್ರೇಕಿನ ಮೇಲೆ. ಎಂಜಿನ್ ತಗ್ಗಿಸಬೇಕು ಅನ್ನೋದೇ ಹೊಳೆಯಲಿಲ್ಲ.

ಅದಕ್ಕೇ ತರಬೇತಿಯಲ್ಲಿ ಸ್ಟಾರ್ಟ್ ಮಾಡೋದಕ್ಕಿಂತ ನಿಲ್ಲಿಸೋದನ್ನೇ ಜಾಸ್ತಿ ಮಾಡಿಸುತ್ತಾರೆ. ಬೋಯಿಂಗ್ 737-800 ತಗೊಳ್ಳಿ. ಗಾಳಿಯ ಒತ್ತಡದಿಂದ ಎಂಜಿನ್ ತಿರುಗಿ ಎನ್2, ಅಂದರೆ ಎಂಜಿನ್ ಒಳಗಿನ ದಂಡ ತಿರುಗುವ ವೇಗ, ಶೇಕಡಾ 25ರ ಹತ್ತಿರ ಬಂದಾಗ ಲಿವರ್ ಎತ್ತಿ ಇಂಧನ ಬಿಡುತ್ತೇವೆ. 10 ಸೆಕೆಂಡಿನಲ್ಲಿ ಇಜಿಟಿ, ಅಂದರೆ ಹೊಗೆಯ ಬಿಸಿ, ಏರಲೇಬೇಕು. ಏರದಿದ್ದರೆ ಇಂಧನ ಬಂದ್. ಏರಿ ಏರಿ 725 ಡಿಗ್ರಿ ಮುಟ್ಟುವ ಹಾಗಿದ್ದರೂ ಬಂದ್. ನಾನು ಸಿಮ್ಯುಲೇಟರ್‌ನಲ್ಲಿ ಮೊದಲ ಸಲ ಲಿವರ್ ಎತ್ತಿ, ಆಯ್ತಲ್ಲ ಅಂತ ಕೈ ತೆಗೆದು ತೊಡೆ ಮೇಲಿಟ್ಟುಕೊಂಡೆ. ಕಲಿಸುವವರು ಸುಮ್ನೆ ಒಂದು ಬಟನ್ ಒತ್ತಿದರು. ಬಿಸಿ ಸರ್ರನೆ ಏರಿತು. ನಾನು ಲಿವರ್ ಹುಡುಕುವಷ್ಟರಲ್ಲಿ ಗೆರೆ ದಾಟಿತ್ತು. “ಕೈ ಎಲ್ಲಿತ್ತು ಮಾರಾಯಾ?” ಅಂದರು. ಆವತ್ತಿನಿಂದ ಕೈ ಲಿವರ್ ಬಿಟ್ಟಿಲ್ಲ. ಈಗಿನ ಎಂಜಿನ್‌ಗಳ ಕಂಪ್ಯೂಟರ್ ತಾನೇ ಇಂಧನ ನಿಲ್ಲಿಸುವುದೂ ಉಂಟು. ಅದನ್ನೇ ನಂಬಿ ಕೂತವನನ್ನು ಪಾಸ್ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ.

ಗಾಳಿಯನ್ನೂ ನೋಡಬೇಕು. ಬೆಂಗಳೂರಿನ ಆಷಾಢದ ಗಾಳಿ ಗೊತ್ತಲ್ಲ, ಪಶ್ಚಿಮದಿಂದ ನುಗ್ಗುತ್ತೆ. ವಿಮಾನದ ಮೂತಿ ಆ ಕಡೆಗೇ ಇರಬೇಕು. ಗಾಳಿ ಹಿಂದಿನಿಂದ ಹೊಕ್ಕರೆ ಸ್ಟಾರ್ಟ್ ಆಗುವಾಗ ಬಿಸಿ ಜಾಸ್ತಿಯಾಗುತ್ತೆ.

ಇನ್ನು ಹೊರಗೆ ನಿಂತವರ ಕಥೆ. ಇದೇ 737-800 ಎಂಜಿನ್ ಐಡಲ್‌ನಲ್ಲಿದ್ದರೂ ಬಾಯಿಯ ಸುತ್ತ 3 ಮೀಟರ್‌ಗೂ ಸ್ವಲ್ಪ ಜಾಸ್ತಿ ದೂರ ಅಪಾಯ. ಜೋರು ಮಾಡಿದರೆ 4 ಮೀಟರ್ ದಾಟುತ್ತೆ. ನೆಲದ ಮೇಲೆ ಗೆರೆ ಏನೂ ಇರಲ್ಲ, ಕಣ್ಣಳತೆಯೇ ಗತಿ. 2006ರ ಜನವರಿಯಲ್ಲಿ ಅಮೆರಿಕದ ಎಲ್ ಪಾಸೊದಲ್ಲಿ, ಎಣ್ಣೆ ಸೋರಿಕೆ ಹುಡುಕುತ್ತಿದ್ದ ಮೆಕ್ಯಾನಿಕ್ ಒಬ್ಬರು ಓಡುತ್ತಿದ್ದ 737 ಎಂಜಿನ್ ಪಕ್ಕ ಎದ್ದು ನಿಂತು ಒಂದು ಹೆಜ್ಜೆ ಇಟ್ಟರು. ಎಂಜಿನ್ ಅವರನ್ನು ಒಳಗೆಳೆದುಕೊಂಡಿತು. ಹಾಗಾಗಿ ಹೆಡ್‌ಸೆಟ್ ಹಾಕಿಕೊಂಡವನು ಹೊರಗಿನಿಂದ “ಕಟ್” ಅಂದರೆ ಒಳಗಿನವನು ಯಾಕೆ ಅಂತ ಕೇಳುವ ಹಾಗಿಲ್ಲ. ಮೊದಲು ಲಿವರ್, ಆಮೇಲೆ ಮಾತು.

ನಿಮ್ಮ ಹುಡುಗನಿಗೂ ಮೊದಲು ಸಿಗೋದು ಕಾಕ್‌ಪಿಟ್ ಸೀಟಲ್ಲ, ಆ ಹೆಡ್‌ಸೆಟ್ಟೇ.