ಕಾಡನ್ನು ಹಂದಿಯ ಲೆಕ್ಕದಲ್ಲಿ ಅಳೆದ ನಾಡಿನ ನಕ್ಷೆ

ಈ ಕಾಡು ಎಷ್ಟು ದೊಡ್ಡದು? ‘ನೂರು ಹಂದಿಗೆ ಸಾಕಾಗುವಷ್ಟು.’ 1086ರ ಇಂಗ್ಲೆಂಡಿನಲ್ಲಿ ಇದು ತಮಾಷೆಯ ಉತ್ತರವಲ್ಲ. ಓಕ್ ಮರದಿಂದ ಉದುರಿದ ಕಾಯಿ ತಿಂದು ಎಷ್ಟು ಹಂದಿ ಮೇಯಬಲ್ಲವೋ ಅದೇ ಹಲವು ಕಡೆ ಕಾಡಿನ ಅಳತೆ. ರಾಜ ಒಂದನೇ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಸರ್ವೆಯಲ್ಲಿ 13 ಸಾವಿರಕ್ಕೂ ಜಾಸ್ತಿ ಊರುಗಳ ನೇಗಿಲು, ಗಿರಣಿ, ಹುಲ್ಲುಗಾವಲುಗಳ ಲೆಕ್ಕವಿದೆ.

ಇದೆಲ್ಲವನ್ನೂ ನಕ್ಷೆಗೆ ಇಳಿಸಲು ಹೊರಟವರು ಭೂಗೋಳ ವಿದ್ವಾಂಸ ಹೆನ್ರಿ ಕ್ಲಿಫರ್ಡ್ ಡಾರ್ಬಿ. ಹುಟ್ಟಿದ್ದು 1909ರಲ್ಲಿ, ವೇಲ್ಸ್‌ನಲ್ಲಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಭೂಗೋಳದಲ್ಲಿ ಕೊಟ್ಟ ಮೊದಲ ಪಿಎಚ್‌ಡಿ ಇವರದ್ದೇ, 1931ರಲ್ಲಿ. ಆಗ ಅವರು ಹಿಡಿದದ್ದು ಪೂರ್ವ ಇಂಗ್ಲೆಂಡಿನ ಫೆನ್ಸ್ ಎಂಬ ಜೌಗು ನಾಡನ್ನು. 17ನೇ ಶತಮಾನದಲ್ಲಿ ಅಲ್ಲಿ ಕಾಲುವೆ ತೋಡಿ ನೀರು ಬಸಿದರು. ಅಲ್ಲಿನ ಪೀಟ್, ಅಂದರೆ ಅರೆಕೊಳೆತ ಗಿಡಗಳಿಂದಾದ ಮಣ್ಣು, ಒಣಗಿ ಕುಗ್ಗಿತು, ಹೊಲಗಳು ನದಿಗಿಂತ ಕೆಳಗಿಳಿದವು. ನೀರೆತ್ತಲು ಗಾಳಿಯಂತ್ರ ಬಂತು. ಅದೂ ಸಾಲದೆ ಉಗಿ ಪಂಪು ಬಂತು. ಈಗಿನ ನೆಲವನ್ನು ಸುಮ್ನೆ ನೋಡಿದರೆ ಇದು ಗೊತ್ತಾಗುವುದಿಲ್ಲ, ಹಳೆಯ ಕಡತವನ್ನೂ ಓದಬೇಕು. ಐತಿಹಾಸಿಕ ಭೂಗೋಳದ ಕೆಲಸವೇ ಅದು.

ಲಿವರ್‌ಪೂಲ್, ಲಂಡನ್, ಮತ್ತೆ ಕೇಂಬ್ರಿಡ್ಜ್ ಎಂದು ಪ್ರಾಧ್ಯಾಪಕರಾಗಿ ಸುತ್ತಿದರೂ ಡಾರ್ಬಿ ಡೂಮ್ಸ್‌ಡೇ ಬಿಡಲಿಲ್ಲ. ಸಹೋದ್ಯೋಗಿಗಳ ಜೊತೆ ಸೇರಿ ತಂದದ್ದು ಏಳು ಸಂಪುಟ. ಮೊದಲನೆಯದು 1952ರಲ್ಲಿ, ಕೊನೆಯದು 1977ರಲ್ಲಿ.

ಕಷ್ಟವಿದ್ದದ್ದು ಅಳತೆಯಲ್ಲಿ. ನಾರ್ಫೋಕ್, ಎಸೆಕ್ಸ್ ಕಡೆ ಕಾಡಿಗೆ ಹಂದಿಯ ಲೆಕ್ಕ. ಲಿಂಕನ್‌ಶೈರ್‌ನಲ್ಲಿ ಹೆಚ್ಚಾಗಿ ಎಕರೆ. ಇನ್ನು ಕೆಲವು ಕಡೆ ಉದ್ದ, ಅಗಲ ಮಾತ್ರ. ಒಂದು ಹಂದಿಗೆ ಇಷ್ಟು ಎಕರೆ ಎಂದು ಅಂದಾಜು ಕಟ್ಟಿದ್ದರೆ ಚೆಂದದ ನಕ್ಷೆ ಸಿಗುತ್ತಿತ್ತು, ಅಲ್ವಾ? ಡಾರ್ಬಿ ಹಾಗೆ ಮಾಡಲಿಲ್ಲ. ಹಂದಿಗೆ ಒಂದು ಗುರುತು, ಎಕರೆಗೆ ಇನ್ನೊಂದು, ಉದ್ದಗಲಕ್ಕೆ ಗೆರೆ. ನಕ್ಷೆ ಗಜಿಬಿಜಿಯಾಯಿತು, ಆದರೆ ದಾಖಲೆಯಲ್ಲಿ ಇಲ್ಲದ್ದು ಅದರೊಳಗೆ ನುಸುಳಲಿಲ್ಲ. ಅವರ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಈ ಹಟವೇ.

ಯಾರ್ಕ್‌ಶೈರ್‌ನ ನಕ್ಷೆ ಮಾತ್ರ ಬೇರೆ ಥರ. ಅಲ್ಲಿ ಊರಿಂದೂರಿಗೆ ‘ಪಾಳು’ ಎಂಬ ನಮೂದು. ದಂಗೆ ಅಡಗಿಸಲು ವಿಲಿಯಂನ ಸೈನ್ಯ 1069–70ರ ಚಳಿಗಾಲದಲ್ಲಿ ಉತ್ತರದ ಊರುಗಳನ್ನು ಸುಟ್ಟಿತ್ತು. ಪಾಳು ಬಿದ್ದದ್ದು ಅದರಿಂದಲೇ ಎನ್ನುವವರಿದ್ದಾರೆ. ಅಧಿಕಾರಿಗಳಿಗೆ ಲೆಕ್ಕ ಸಿಗದ ಕಡೆಯೂ ಹಾಗೆಯೇ ಬರೆದಿರಬಹುದು ಎನ್ನುವವರೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ.