ತಾತನ ಊರು ಹುಡುಕಲು ಗ್ರಾಮ ನಕ್ಷೆ

ಗ್ರಾಮ ನಕ್ಷೆ ಹಿಡಿದು ನನ್ನ ಬಳಿ ಬರುವವರು ಹೆಚ್ಚಾಗಿ ಒತ್ತುವರಿಯೋ ದಾರಿ ತಕರಾರೋ ಇರುವವರು. ಈಚೆಗೆ ಇನ್ನೊಂದು ಬಗೆಯವರೂ ಬರುತ್ತಿದ್ದಾರೆ. ಅವರಿಗೆ ಜಮೀನು ಬೇಡ. ತಾತ ಯಾವ ಊರಲ್ಲಿದ್ದರು, ಮನೆದೇವರ ಗುಡಿ ಎಲ್ಲಿತ್ತು ಅಂತ ತಿಳಿಯಬೇಕು. ಸರ್ವೆ ಕೆಲಸದಲ್ಲಿ ನನಗೆ ಇದರಷ್ಟು ಇಷ್ಟವಾದದ್ದು ಬೇರೆ ಇಲ್ಲ.

ನಕ್ಷೆ ಕೈಗೆ ಬಂದ ಕೂಡಲೇ ಅಂಚಿನ ಬರಹ ಓದಿ. ನಮಗೆ ಸಿಗುವುದು ಹಳೆಯ ನಕ್ಷೆಯ ಮರುಮುದ್ರಣ. ಅಳತೆಯಾದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಹಳೆ ಮೈಸೂರಿನಲ್ಲಿ ಈ ನಕ್ಷೆಗಳಿಗೆ ಮೂಲವಾದ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಧಾರವಾಡದ ಕಡೆ ಅದಕ್ಕೂ ಮೊದಲೇ. ಅಚ್ಚಿನ ವರ್ಷ ನೋಡಿ 'ತಾತನ ಕಾಲದ್ದು' ಅಂದುಕೊಂಡರೆ, ಗೆರೆಗಳು ಮುತ್ತಾತನ ಕಾಲದವಾಗಿರಬಹುದು.

ನಮ್ಮ ಬಯಲುಸೀಮೆಯ ನಕ್ಷೆಗಳಲ್ಲಿ ಸಾಮಾನ್ಯವಾಗಿ 8 ಅಂಗುಲಕ್ಕೆ 1 ಮೈಲಿ. ಅಂದರೆ ಅಂಗುಲಕ್ಕೆ 660 ಅಡಿ. ಅಳೆದ ಸರಪಳಿ 33 ಅಡಿಯದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂಗುಲಕ್ಕೆ 20 ಸರಪಳಿ, ಎಕರೆಗೆ 40 ಗುಂಟೆ. ಹಾಗಾಗಿ ನಕ್ಷೆಯ ಒಂದು ಚದರ ಅಂಗುಲಕ್ಕೆ ಸರಿಯಾಗಿ 10 ಎಕರೆ. ಎಷ್ಟು ಚೆನ್ನಾದ ಲೆಕ್ಕ, ಅಲ್ವಾ? ಆದರೆ ಪಿಡಿಎಫ್ ತೆಗೆದು ಎ4 ಹಾಳೆಗೆ ಕುಗ್ಗಿಸಿದರೆ ಈ ಲೆಕ್ಕ ಕೆಡುತ್ತದೆ. ಮೂಲ ಅಳತೆಯಲ್ಲೇ ಪ್ರಿಂಟ್ ಹಾಕಿಸಿ.

ನಕ್ಷೆಯಲ್ಲಿ ಜನರ ಹೆಸರು ಇರುವುದಿಲ್ಲ, ಪ್ರತಿ ಜಮೀನಿನ ಸರ್ವೆ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ಟಿಪ್ಪಣಿ ಹಾಳೆ), ಹಳೆಯ ಪಹಣಿ ನೋಡುತ್ತಾ ಹೋದರೆ ಹೆಸರುಗಳು ಸಿಗುತ್ತವೆ. ಹಿಸ್ಸಾ ಬಿದ್ದ, ಅಂದರೆ ತುಂಡಾಗಿ ಒಡೆದ, ನಂಬರ್ ಕಂಡರೆ ಅಲ್ಲಿ ಅಣ್ಣತಮ್ಮಂದಿರ ಪಾಲು ಆಗಿರಬಹುದು, ಮಾರಾಟವೂ ಆಗಿರಬಹುದು. 12, 13ರ ನಡುವೆ 187 ಕುಳಿತಿದ್ದರೆ ಅದು ಆಮೇಲೆ ಕೊಟ್ಟ ನಂಬರ್. ಎಷ್ಟೋ ಸಲ ಅದು ಗೋಮಾಳದಿಂದ, ಅಂದರೆ ಊರಿನ ದನ ಮೇಯಲು ಬಿಟ್ಟ ಸರ್ಕಾರಿ ಜಾಗದಿಂದ, ಮಂಜೂರಾದ ಜಮೀನು.

ಹೋದ ವರ್ಷ ಒಬ್ಬರು ಬಂದಿದ್ದರು. ಅವರ ಇನಿಷಿಯಲ್ ಒಂದು ಊರಿನ ಹೆಸರು. ಆ ಊರು ಎಲ್ಲಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಆ ಹೆಸರಿನ ಬಸ್ ಸ್ಟಾಪೂ ಇಲ್ಲ. ತಾಲ್ಲೂಕಿನ ಗ್ರಾಮಗಳ ಪಟ್ಟಿ ತೆಗೆದೆ. ಇತ್ತು, ಬೇಚರಾಕ್ ಗ್ರಾಮ ಅಂತ. ಬೇಚಿರಾಗ್ ಅಂದರೆ ಪಾರಸಿಯಲ್ಲಿ ದೀಪವಿಲ್ಲದ್ದು. ಜನ ಬಿಟ್ಟುಹೋದ ಮೇಲೂ ದಾಖಲೆಯಲ್ಲಿ ಊರು ಹಾಗೇ ಉಳಿದಿರುತ್ತದೆ, ಅದಕ್ಕೆ ತನ್ನದೇ ನಕ್ಷೆಯೂ ಇರುತ್ತದೆ.

ಆ ನಕ್ಷೆಯಲ್ಲಿ ಒಂದು ಕೆರೆ, ಒಂದು ಗುಡಿ, ಖಾಲಿ ಗ್ರಾಮಠಾಣ, ಅಂದರೆ ಊರಿನ ಮನೆಗಳಿಗೆ ಬಿಟ್ಟ ಜಾಗ. ಅಲ್ಲಿಂದ ಜೋಡಿ ಚುಕ್ಕೆ ಸಾಲಿನ ಬಂಡಿದಾರಿ ಪೂರ್ವಕ್ಕೆ ಹೋಗಿ ಗ್ರಾಮದ ಗಡಿಯಲ್ಲಿ ನಿಂತಿತ್ತು. ಪಕ್ಕದ ಗ್ರಾಮದ ನಕ್ಷೆಯನ್ನು ಗಡಿಗೆ ಗಡಿ ಸೇರಿಸಿ ಮೇಜಿನ ಮೇಲೆ ಹಾಸಿದೆವು. ಅದೇ ದಾರಿ ಮುಂದುವರಿದು ನೇರ ಅವರ ತಾತ ಬಂದು ನೆಲೆಸಿದ ಊರಿಗೆ ಸೇರಿತ್ತು. ಅವರು ತುಂಬಾ ಹೊತ್ತು ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾ ಕೂತರು.

ಮುಂದಿನ ಭಾನುವಾರ ತಾಯಿಯನ್ನೂ ಕರೆದುಕೊಂಡು ಹೋದರು. ಬಂಡಿದಾರಿ ಈಗ ಹೊಲಗಳಲ್ಲಿ ಸೇರಿಹೋಗಿದೆ. ಬದುವಿನ ಮೇಲೇ ನಡೆದು ಗುಡಿ ತಲುಪಿ, ಹಣ್ಣುಕಾಯಿ ಮಾಡಿಸಿಕೊಂಡು ಬಂದರು.